ವಸಡಲ್ಲಿ ರಕ್ತ ಬಂದ್ರೆ ಏನರ್ಥ, ಹಲ್ಲುನೋವು ಯಾಕೆ ಯಾವಾಗ್ಲೂ ಲೇಟಾಗಿ ಬರತ್ತೆ

ಬೆಳಿಗ್ಗೆ ಬ್ರಶ್ ಮಾಡಿ ಉಗುಳಿದಾಗ ನೊರೆಯಲ್ಲಿ ಸ್ವಲ್ಪ ಕೆಂಪು ಕಾಣತ್ತೆ, ನಲ್ಲಿ ಬಿಟ್ಟು ತೊಳೆದು ಮರೆತುಬಿಡ್ತೀವಿ, ಯಾಕಂದ್ರೆ ನೋವಿಲ್ಲ. ಇನ್ನು ಕೆಲವರು ಬ್ರಶ್ ಗಟ್ಟಿಯಾಯ್ತೇನೋ ಅಂದ್ಕೊಂಡು ಮಾರನೇ ದಿನದಿಂದ ಆ ಜಾಗ ಬಿಟ್ಟು ಉಳಿದ ಕಡೆ ಮಾತ್ರ ಉಜ್ಜೋಕೆ ಶುರು ಮಾಡ್ತಾರೆ. ಎರಡೂ ತಪ್ಪು. ಬಾಯಿಯ ಕಾಯಿಲೆಗಳಲ್ಲಿ ನೋವು ಅನ್ನೋದು ಮೊದಲು ಬರೋ ಸೂಚನೆ ಅಲ್ಲ, ಬಹಳ ಸಲ ಅದೇ ಕೊನೆಯದು. ಅದು ಬರೋಷ್ಟರಲ್ಲಿ ಸುಲಭದ ದಾರಿಗಳೆಲ್ಲ ಮುಚ್ಚಿರತ್ತೆ, ಖರ್ಚು ಜಾಸ್ತಿ ಆಗಿರತ್ತೆ, ಕೆಲವೊಮ್ಮೆ ಹಲ್ಲೇ ಕೈ ಬಿಟ್ಟು ಹೋಗಿರತ್ತೆ.

ಇದೇನು ಯಾರಿಗೋ ಅಪರೂಪಕ್ಕೆ ಬರೋ ತೊಂದ್ರೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿ ಪ್ರಕಾರ ಪ್ರಪಂಚದಲ್ಲಿ ಸುಮಾರು 350 ಕೋಟಿ ಜನಕ್ಕೆ ಬಾಯಿಗೆ ಸಂಬಂಧಪಟ್ಟ ಯಾವುದಾದ್ರೂ ಒಂದು ಕಾಯಿಲೆ ಇದೆ. ಅದರಲ್ಲಿ ದೊಡ್ಡ ಪಾಲು ಹುಳುಕು ಮತ್ತು ವಸಡಿನ ಕಾಯಿಲೆಯದ್ದು, ಎರಡನ್ನೂ ಬಹುಮಟ್ಟಿಗೆ ತಡೀಬಹುದು. ತಡೀಬೇಕು ಅಂದ್ರೆ ಒಳಗೆ ಏನು ನಡೀತಿದೆ ಅಂತ ಮೊದಲು ಗೊತ್ತಾಗ್ಬೇಕು.

ಹಲ್ಲು ಅಂದ್ರೆ ಬರೀ ಬಿಳಿ ಭಾಗ ಅಲ್ಲ

ಕನ್ನಡಿಯಲ್ಲಿ ಕಾಣೋದು ಹಲ್ಲಿನ ಮೇಲ್ಭಾಗ ಮಾತ್ರ, ಬೇರು ವಸಡಿನ ಒಳಗೆ ದವಡೆ ಮೂಳೆಯಲ್ಲಿ ಕೂತಿರತ್ತೆ. ಮೇಲ್ಭಾಗಕ್ಕೆ ಹೊದಿಕೆ ಥರ ಇರೋದು ಎನಾಮಲ್, ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ, ತೂಕದಲ್ಲಿ ಸುಮಾರು 96% ಬರೀ ಖನಿಜವೇ. ಆದ್ರೆ ಅದರೊಳಗೆ ಜೀವಕೋಶನೂ ಇಲ್ಲ ನರಾನೂ ಇಲ್ಲ. ಅದಕ್ಕೇ ಎರಡು ವಿಷಯ ಆಗತ್ತೆ, ಒಂದು, ಎನಾಮಲ್ ಮುರಿದು ಹೋದ್ರೆ ಮೂಳೆ ಥರ ತಾನಾಗೇ ಮತ್ತೆ ಬೆಳೆಯಲ್ಲ, ಎರಡು, ಅದು ಕೊರೀತಾ ಇದ್ರೂ ನಮಗೆ ಏನೂ ಗೊತ್ತಾಗಲ್ಲ.

ಎನಾಮಲ್ ಕೆಳಗಿರೋದು ಡೆಂಟಿನ್. ಇದು ಸ್ವಲ್ಪ ಮೆತ್ತಗೆ, ಇದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಅವೆಲ್ಲ ಹಲ್ಲಿನ ನಡುಮಧ್ಯಕ್ಕೆ ಹೋಗತ್ತೆ. ಅಲ್ಲಿರೋದು ಪಲ್ಪ್, ಅಂದ್ರೆ ರಕ್ತನಾಳ ಮತ್ತು ನರ ಇರೋ ಮೆತ್ತನೆ ಭಾಗ, ಹಲ್ಲಿನ ಜೀವ ಇರೋದೇ ಅಲ್ಲಿ. ಇನ್ನು ಬೇರಿಗೂ ಮೂಳೆಗೂ ಮಧ್ಯೆ ಸಣ್ಣ ಸಣ್ಣ ನಾರುಗಳಿವೆ, ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ, ಈ ನಾರುಗಳು ಅದನ್ನ ಹಿಡ್ಕೊಂಡಿವೆ. ಮುಂದೆ ವಸಡಿನ ಕಾಯಿಲೆ ವಿಷಯಕ್ಕೆ ಬಂದಾಗ ಈ ನಾರು ಮತ್ತು ಮೂಳೆ ಎರಡನ್ನೂ ನೆನಪಲ್ಲಿಟ್ಕೊಳಿ.

ಪ್ಲಾಕ್: ಎಲ್ಲದಕ್ಕೂ ಮೂಲ

ರಾತ್ರಿ ಮಲಗಿ ಎದ್ದಾಗ ನಾಲಿಗೆಯಿಂದ ಹಲ್ಲನ್ನ ಸವರಿ ನೋಡಿ, ಏನೋ ಅಂಟಂಟು ಪದರ ಸಿಗತ್ತಲ್ಲ ಅದೇ ಪ್ಲಾಕ್. ಅದು ಸಿಕ್ಕಿಹಾಕಿಕೊಂಡ ಊಟದ ಚೂರು ಅಲ್ಲ, ಒಟ್ಟಿಗೆ ಸೇರಿ ಅಂಟಿಕೊಂಡು ಬದುಕ್ತಾ ಇರೋ ಬ್ಯಾಕ್ಟೀರಿಯಾಗಳ ಗುಂಪು. 1683ರಲ್ಲಿ ಡಚ್ ವಿಜ್ಞಾನಿ ಆಂಟೊನಿ ವಾನ್ ಲೇವೆನ್‌ಹುಕ್ ತನ್ನ ಹಲ್ಲಿನ ಸಂದಿಯಿಂದ ಕೆರೆದು ತೆಗೆದ ಬಿಳಿ ಪದಾರ್ಥವನ್ನ ತಾನೇ ಮಾಡಿದ ಮೈಕ್ರೋಸ್ಕೋಪಲ್ಲಿ ನೋಡಿ, ಅದರೊಳಗೆ ಸಣ್ಣ ಸಣ್ಣ ಜೀವಿಗಳು ಓಡಾಡ್ತಾ ಇವೆ ಅಂತ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಮನುಷ್ಯ ಬ್ಯಾಕ್ಟೀರಿಯಾ ಕಣ್ಣಾರೆ ಕಂಡ ತೀರಾ ಮೊದಲ ಸಂದರ್ಭಗಳಲ್ಲಿ ಅದೂ ಒಂದು.

ಪ್ಲಾಕ್ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿದ್ರೆ ಹೋಗಲ್ಲ, ಉಜ್ಜಿಯೇ ತೆಗೀಬೇಕು, ಉಜ್ಜಿದ ಕೆಲವೇ ಗಂಟೆಗಳಲ್ಲಿ ಮತ್ತೆ ಕಟ್ಟೋಕೆ ಶುರುವಾಗತ್ತೆ. ಹಾಗೇ ಬಿಟ್ರೆ ಎಂಜಲಲ್ಲಿರೋ ಕ್ಯಾಲ್ಸಿಯಂ ಥರದ ಖನಿಜಗಳು ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗತ್ತೆ, ಅದನ್ನೇ ಟಾರ್ಟರ್ ಅನ್ನೋದು, ಹಲ್ಲಿಗೆ ಕಲ್ಲು ಕಟ್ಟಿದೆ ಅಂತಾರಲ್ಲ ಅದು. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗದಲ್ಲಿ ಇದು ಬೇಗ ಕಟ್ಟತ್ತೆ, ಎಂಜಲು ಗ್ರಂಥಿಗಳ ಬಾಯಿ ಅಲ್ಲೇ ತೆರೆದುಕೊಳ್ಳೋದ್ರಿಂದ. ಒಂದ್ಸಲ ಕಲ್ಲಾದ ಮೇಲೆ ಯಾವ ಬ್ರಶ್‌ಗೂ ಯಾವ ಪೇಸ್ಟ್‌ಗೂ ಅದು ಬಗ್ಗಲ್ಲ, ಡೆಂಟಿಸ್ಟ್ ಹತ್ರ ಹೋಗಿ ತೆಗೆಸಬೇಕು.

ಹುಳುಕು ಹೇಗಾಗತ್ತೆ

ಹಲ್ಲಲ್ಲಿ ಯಾವ ಹುಳವೂ ಇರಲ್ಲ, ಇದು ಆಸಿಡ್ ಕೆಲಸ. ನಾವು ತಿಂದ ಸಕ್ಕರೆಯನ್ನ ಪ್ಲಾಕ್‌ನಲ್ಲಿರೋ ಕೆಲವು ಬ್ಯಾಕ್ಟೀರಿಯಾಗಳು ತಿಂದು ಆಸಿಡ್ ಬಿಡತ್ವೆ. ಆಮ್ಲದ ಪ್ರಮಾಣ ಅಳೆಯೋ ಪಿಎಚ್ ಅನ್ನೋ ಲೆಕ್ಕ ಇದೆ, ಅದು 7 ಇದ್ರೆ ಆಸಿಡ್ಡೂ ಅಲ್ಲ ಕ್ಷಾರವೂ ಅಲ್ಲದ ಸಮಸ್ಥಿತಿ, ಕಮ್ಮಿ ಆದಷ್ಟೂ ಆಸಿಡ್ ಜಾಸ್ತಿ. ಸುಮಾರು 5.5ಕ್ಕಿಂತ ಕೆಳಗೆ ಇಳಿದ್ರೆ ಎನಾಮಲ್‌ನಿಂದ ಖನಿಜ ಕರಗಿ ಹೊರಗೆ ಬರೋಕೆ ಶುರುವಾಗತ್ತೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಿಎಚ್ ಹೀಗೆ ಇಳಿದುಬಿಡತ್ತೆ, ಆಮೇಲೆ ಎಂಜಲು ನಿಧಾನಕ್ಕೆ ಆಸಿಡ್ಡನ್ನ ತೊಳೆದು ತಣಿಸಿ, ಕರಗಿ ಹೋದ ಖನಿಜದಲ್ಲಿ ಸ್ವಲ್ಪನ ವಾಪಸ್ ಹಲ್ಲಿಗೇ ತುಂಬತ್ತೆ, ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗತ್ತೆ.

ಹಾಗಾಗಿ ದಿನಾಲೂ ನಮ್ಮ ಬಾಯಲ್ಲಿ ಕರಗೋದು ತುಂಬೋದು ಎರಡೂ ನಡೀತಾನೇ ಇರತ್ತೆ. ಕರಗೋದೇ ಜಾಸ್ತಿಯಾದ್ರೆ ಹುಳುಕು. ಇಲ್ಲೇ ಬಹಳ ಜನ ಗಮನಿಸದ ವಿಷಯ ಇರೋದು, ಎಷ್ಟು ಸಿಹಿ ತಿಂದ್ವಿ ಅನ್ನೋದು ಮುಖ್ಯ ನಿಜ, ಆದ್ರೆ ಎಷ್ಟು ಸಲ ತಿಂದ್ವಿ, ಬಾಯಲ್ಲಿ ಎಷ್ಟು ಹೊತ್ತು ಇಟ್ಕೊಂಡ್ವಿ ಅನ್ನೋದೂ ಅಷ್ಟೇ ಮುಖ್ಯ. ಒಂದು ಸಿಹಿ ಡ್ರಿಂಕನ್ನ ಊಟದ ಜೊತೆ ಕುಡಿದು ಮುಗಿಸಿದ್ರೆ ಹಲ್ಲಿಗೆ ಒಂದು ಸಲದ ಏಟು, ಅದನ್ನೇ ಟೇಬಲ್ ಮೇಲಿಟ್ಕೊಂಡು ಮೂರು ಗಂಟೆ ಗುಟುಕು ಗುಟುಕಾಗಿ ಕುಡಿದ್ರೆ ಆ ಮೂರೂ ಗಂಟೆ ಎಂಜಲಿಗೆ ರಿಪೇರಿ ಮಾಡೋಕೆ ಪುರುಸೊತ್ತೇ ಸಿಗಲ್ಲ. ಸ್ವೀಡನ್ನಿನ ವಿಪೆಹೋಲ್ಮ್ ಅನ್ನೋ ಆಸ್ಪತ್ರೆಯಲ್ಲಿ 1940ರ ದಶಕದ ಮಧ್ಯದಿಂದ ನಡೆದ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿತು, ಊಟದ ಮಧ್ಯೆ ಮಧ್ಯೆ ಅಂಟಂಟು ಟಾಫಿ ತಿಂದವರಲ್ಲಿ ಹುಳುಕು ವಿಪರೀತ ಜಾಸ್ತಿಯಾಯ್ತು, ಊಟದ ಜೊತೆಗೇ ಸಕ್ಕರೆ ತಗೊಂಡವರಲ್ಲಿ ಅಷ್ಟು ಆಗ್ಲಿಲ್ಲ. ಇದನ್ನ ಹೇಳುವಾಗ ಇನ್ನೊಂದು ಮಾತೂ ಹೇಳಲೇಬೇಕು, ಅಲ್ಲಿ ಪ್ರಯೋಗಕ್ಕೆ ಒಳಗಾದವರು ಬುದ್ಧಿಮಾಂದ್ಯತೆ ಇದ್ದ ರೋಗಿಗಳು, ಅವರ ಒಪ್ಪಿಗೆ ಯಾರೂ ಕೇಳಿರಲಿಲ್ಲ, ಅದು ಅನ್ಯಾಯವೇ.

ಟೂತ್‌ಪೇಸ್ಟಲ್ಲಿ ಹಾಕೋ ಫ್ಲೋರೈಡ್ ಅನ್ನೋ ಖನಿಜ ಕೆಲಸಕ್ಕೆ ಬರೋದು ಇಲ್ಲೇ. ಕರಗಿದ ಖನಿಜ ವಾಪಸ್ ಹಲ್ಲಿಗೆ ಸೇರುವಾಗ ಫ್ಲೋರೈಡ್ ಅಲ್ಲಿದ್ರೆ ತುಂಬೋ ಕೆಲಸ ಬೇಗ ಆಗತ್ತೆ, ಹೊಸದಾಗಿ ತುಂಬಿದ ಪದರ ಆಸಿಡ್‌ಗೆ ಮೊದಲಿಗಿಂತ ಜಾಸ್ತಿ ತಡ್ಕೊಳ್ಳತ್ತೆ. ಶುರುವಿನ ಹುಳುಕು ಹಲ್ಲಿನ ಮೇಲೆ ಸುಣ್ಣದ ಬಣ್ಣದ ಮಚ್ಚೆ ಥರ ಕಾಣತ್ತೆ, ತೂತು ಬಿದ್ದಿರಲ್ಲ, ಆ ಹಂತದಲ್ಲಿ ಫ್ಲೋರೈಡು, ಶುಚಿ, ಸಿಹಿ ಕಮ್ಮಿ ಮಾಡೋದು ಇಷ್ಟರಿಂದಲೇ ಅದನ್ನ ನಿಲ್ಲಿಸಬಹುದು, ವಾಪಸ್ಸೂ ತರಬಹುದು. ತೂತು ಬಿದ್ದ ಮೇಲೆ ಫಿಲ್ಲಿಂಗ್ ಬಿಟ್ಟು ಸಾಮಾನ್ಯವಾಗಿ ಬೇರೆ ದಾರಿ ಇಲ್ಲ. ಅದಕ್ಕೇ ವರ್ಷಕ್ಕೊಮ್ಮೆಯಾದ್ರೂ ಡಾಕ್ಟ್ರು ಬಾಯಿ ನೋಡ್ಬೇಕು ಅನ್ನೋದು, ಆ ಬಿಳಿ ಮಚ್ಚೆ ನಮ್ಮ ಕಣ್ಣಿಗೆ ಬೀಳಲ್ಲ.

ವಸಡಿನ ಕಾಯಿಲೆ: ಸದ್ದಿಲ್ಲದೆ ಮೂಳೆ ತಿನ್ನೋದು

ಈಗ ರಕ್ತದ ವಿಷಯಕ್ಕೆ ಬರೋಣ. ಹಲ್ಲು ಮತ್ತು ವಸಡು ಸೇರೋ ಅಂಚಲ್ಲಿ ಪ್ಲಾಕ್ ಉಳ್ಕೊಂಡ್ರೆ ಅದನ್ನ ಎದುರಿಸೋಕೆ ದೇಹ ಆ ಜಾಗಕ್ಕೆ ಜಾಸ್ತಿ ರಕ್ತ ಕಳಿಸತ್ತೆ, ವಸಡು ಕೆಂಪಾಗಿ ಊದಿಕೊಳ್ಳತ್ತೆ, ಸ್ವಲ್ಪ ತಾಗಿದ್ರೂ ರಕ್ತ ಬರತ್ತೆ. ಇದು ಮೊದಲ ಹಂತ, ಹೆಸರು ಜಿಂಜಿವೈಟಿಸ್. ಅಂದ್ರೆ ರಕ್ತ ಬರೋದು ಬ್ರಶ್ ಚುಚ್ಚಿದ್ದಕ್ಕಲ್ಲ, ಬ್ರಶ್ ಅಲ್ಲಿಗೆ ಸರಿಯಾಗಿ ಮುಟ್ಟದೇ ಇದ್ದಿದ್ದಕ್ಕೆ. ಆ ಜಾಗನ ಬಿಟ್ಟು ಉಜ್ಜಿದ್ರೆ ಪ್ಲಾಕ್ ಇನ್ನೂ ಜಾಸ್ತಿಯಾಗಿ ರಕ್ತನೂ ಜಾಸ್ತಿಯಾಗತ್ತೆ.

ಇದನ್ನ ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋಯ್ ಮತ್ತು ಜೊತೆಗಾರರು 1965ರಲ್ಲಿ ತುಂಬಾ ಸರಳವಾಗಿ ತೋರಿಸಿಕೊಟ್ರು. ವಸಡು ಚೆನ್ನಾಗಿದ್ದ 12 ಜನಕ್ಕೆ ಹಲ್ಲುಜ್ಜೋದನ್ನ ನಿಲ್ಲಿಸಿ ಅಂದ್ರು. 10ರಿಂದ 21 ದಿನದೊಳಗೆ ಎಲ್ಲರಿಗೂ ವಸಡು ಊದಿಕೊಂಡಿತ್ತು. ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನ ಹಾಗೆ ಆಯ್ತು. ಈ ಕೊನೇ ಮಾತು ಎಲ್ಲರೂ ಗಮನಿಸ್ಬೇಕು ಅಂತ ನನ್ನ ಆಸೆ, ಈ ಹಂತದಲ್ಲಿ ಕಾಯಿಲೆ ಪೂರ್ತಿ ವಾಪಸ್ ಹೋಗತ್ತೆ, ಏನೂ ಕಳ್ಕೊಂಡಿರಲ್ಲ.

ಆದ್ರೆ ವರ್ಷಗಟ್ಟಲೆ ಹಾಗೇ ಬಿಟ್ರೆ ಕೆಲವರಲ್ಲಿ ಅದು ಮುಂದಿನ ಹಂತಕ್ಕೆ ಹೋಗತ್ತೆ, ಅದರ ಹೆಸರು ಪೆರಿಯೋಡಾಂಟೈಟಿಸ್. ಆವಾಗ ವಸಡು ಹಲ್ಲಿನಿಂದ ಬಿಟ್ಕೊಂಡು ಮಧ್ಯೆ ಒಂದು ಸಂದಿ ಆಗತ್ತೆ, ಅದನ್ನ ಪಾಕೆಟ್ ಅಂತಾರೆ, ಅದರೊಳಗೆ ಪ್ಲಾಕು ಟಾರ್ಟರ್ರು ಸೇರ್ಕೊಳ್ಳತ್ತೆ, ಬ್ರಶ್ ಅಷ್ಟು ಆಳಕ್ಕೆ ಹೋಗಲ್ಲ. ಬ್ಯಾಕ್ಟೀರಿಯಾ ವಿರುದ್ಧ ನಡೆಯೋ ಈ ಹೋರಾಟದಲ್ಲಿ ಹಲ್ಲನ್ನ ಹಿಡ್ಕೊಂಡಿರೋ ನಾರುಗಳು ಮತ್ತು ಮೂಳೆ ನಾಶ ಆಗ್ತಾ ಹೋಗತ್ತೆ. ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗಿ ಬೇರು ಹೊರಗೆ ಕಾಣ್ತಾ ಇರೋ ಮರ ನೋಡಿದೀರಲ್ಲ, ಮರ ಹಸಿರಾಗೇ ಇರತ್ತೆ, ಒಂದು ಹುಳ ಬಿದ್ದಿರಲ್ಲ, ಆದ್ರೂ ಒಂದು ದಿನ ಗಾಳಿಗೆ ಬೀಳತ್ತೆ. ಇಲ್ಲೂ ಅಷ್ಟೇ, ಒಂದು ಚೂರೂ ಹುಳುಕಿಲ್ಲದ ಚೆನ್ನಾಗಿರೋ ಹಲ್ಲು ಅಲ್ಲಾಡೋಕೆ ಶುರುವಾಗತ್ತೆ. ಹೋದ ಮೂಳೆ ತಾನಾಗಿ ವಾಪಸ್ ಬರಲ್ಲ, ಕೆಲವು ಕೇಸಲ್ಲಿ ಸರ್ಜರಿ ಮಾಡಿ ಸ್ವಲ್ಪ ಮಟ್ಟಿಗೆ ಬೆಳೆಸಬಹುದು ಅಷ್ಟೇ, ಆದ್ರೆ ಕಾಯಿಲೆನ ಇದ್ದಲ್ಲೇ ನಿಲ್ಲಿಸೋಕೆ ಸಾಧ್ಯ ಇದೆ.

ಈ ಹಂತದಲ್ಲೂ ಬಹಳ ಜನಕ್ಕೆ ನೋವಿರಲ್ಲ. ಕಾಣೋದು ಬೇರೆ ಥರದ ಸೂಚನೆ, ವಸಡು ಕೆಳಗಿಳಿದು ಹಲ್ಲು ಉದ್ದ ಕಾಣೋದು, ಮುಂದಿನ ಹಲ್ಲುಗಳ ಮಧ್ಯೆ ಇಲ್ಲದ ಜಾಗ ಬಿಡೋದು, ಬಾಯಿ ವಾಸನೆ, ವಸಡು ಒತ್ತಿದ್ರೆ ಕೀವು. ಬಾಯಿ ವಾಸನೆಗೆ ಹೊಟ್ಟೆ ಸರಿ ಇಲ್ಲ ಅಂತ ಮಾತ್ರೆ ತಗೊಳೋರು ಇದಾರೆ, ಆದ್ರೆ ಬಹುಪಾಲು ಸಲ ಅದರ ಮೂಲ ಬಾಯಲ್ಲೇ, ವಸಡಲ್ಲಿ ಅಥವಾ ನಾಲಿಗೆ ಹಿಂಭಾಗದ ಪದರದಲ್ಲಿ ಇರತ್ತೆ. ಡಾಕ್ಟ್ರು ಒಂದು ಸಣ್ಣ ಗುರುತು ಹಾಕಿದ ಕಡ್ಡಿ ಥರದ ಉಪಕರಣನ ವಸಡಿನ ಸಂದಿಗೆ ಮೆಲ್ಲಗೆ ಇಳಿಸಿ ಆಳ ಅಳೀತಾರೆ, 1ರಿಂದ 3 ಮಿಲಿಮೀಟರ್ ಇದ್ರೆ ಸಾಮಾನ್ಯ, 4 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಗಮನ ಕೊಡ್ಬೇಕು ಅಂತ, ಮೂಳೆ ಎಷ್ಟು ಉಳಿದಿದೆ ಅಂತ ನೋಡೋಕೆ ಎಕ್ಸ್‌ರೇ ತೆಗೀತಾರೆ.

ಇದು ಎಲ್ಲರಿಗೂ ಒಂದೇ ಥರ ಬರಲ್ಲ. ಸಿಗರೇಟ್ ಸೇದೋರಿಗೆ, ತಂಬಾಕು ಅಗಿಯೋರಿಗೆ ಅಪಾಯ ತುಂಬಾ ಜಾಸ್ತಿ, ಅದರಲ್ಲೂ ಸಿಗರೇಟಿನ ವಿಷಯದಲ್ಲಿ ಒಂದು ಮೋಸ ಇದೆ. ಸೇದೋರ ವಸಡಲ್ಲಿ ರಕ್ತ ಕಮ್ಮಿ ಬರತ್ತೆ, ಹಾಗಾಗಿ ಒಳಗೆ ಮೂಳೆ ಹೋಗ್ತಿದ್ರೂ ಹೊರಗೆ ವಸಡು ಚೆನ್ನಾಗೇ ಇದೆ ಅನ್ಸತ್ತೆ. ಸಿಗರೇಟ್ ಬಿಟ್ಟ ಮೇಲೆ ರಕ್ತ ಬರೋಕೆ ಶುರುವಾದ್ರೆ ಹೆದರಿ ಮತ್ತೆ ಸೇದೋಕೆ ಹೋಗ್ಬೇಡಿ, ಡಾಕ್ಟ್ರ ಹತ್ರ ಹೋಗಿ. ಸಕ್ಕರೆ ಕಾಯಿಲೆ ಇನ್ನೊಂದು, ಇದು ಎರಡೂ ಕಡೆಯಿಂದ ಕೆಲಸ ಮಾಡತ್ತೆ, ಶುಗರ್ ಕಂಟ್ರೋಲಲ್ಲಿ ಇಲ್ದಿದ್ರೆ ವಸಡಿನ ಕಾಯಿಲೆ ಜೋರಾಗತ್ತೆ, ವಸಡಿನ ಕಾಯಿಲೆ ಇದ್ರೆ ಶುಗರ್ ಕಂಟ್ರೋಲಿಗೆ ತರೋದು ಕಷ್ಟ ಆಗತ್ತೆ. ಶುಗರ್ ಇರೋರು ಕಣ್ಣು ಕಾಲು ಚೆಕ್ ಮಾಡಿಸೋ ಹಾಗೇ ವಸಡೂ ಚೆಕ್ ಮಾಡಿಸ್ಬೇಕು, ಇದನ್ನ ಹೇಳೋರು ಕಮ್ಮಿ. ಗರ್ಭಿಣಿಯರಲ್ಲಿ ಹಾರ್ಮೋನ್ ಬದಲಾವಣೆಯಿಂದ ಸ್ವಲ್ಪ ಪ್ಲಾಕ್‌ಗೇ ವಸಡು ಜಾಸ್ತಿ ಊದತ್ತೆ, ಆ ಸಮಯದಲ್ಲಿ ಹಲ್ಲು ಕ್ಲೀನ್ ಮಾಡಿಸೋದು ಸುರಕ್ಷಿತವೇ, ಗರ್ಭಿಣಿ ಅಂತ ಮೊದಲೇ ಹೇಳಿದ್ರಾಯ್ತು. ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಬಿಪಿಗೆ ಕೊಡೋ ಕೆಲವು ಮಾತ್ರೆಗಳಿಂದ ಕೆಲವರಿಗೆ ವಸಡು ದಪ್ಪ ಬೆಳೆಯೋದೂ ಇದೆ, ಹಾಗಂತ ಮಾತ್ರೆ ತಾವೇ ನಿಲ್ಲಿಸೋ ಹಾಗಿಲ್ಲ.

ಒಂದು ವಿಷಯ ಬೇರೆಯಾಗಿ ಹೇಳ್ಬೇಕು. ಬ್ರಶ್ ಮುಟ್ಟದೇನೇ ವಸಡಿಂದ ರಕ್ತ ಬರ್ತಾ ಇದ್ರೆ, ಜೊತೆಗೆ ಮೈಮೇಲೆ ಕಾರಣ ಇಲ್ದೆ ನೀಲಿ ಕಲೆ, ವಿಪರೀತ ಸುಸ್ತು, ಜ್ವರ ಇದ್ರೆ ಅದು ಬರೀ ವಸಡಿನ ವಿಷಯ ಆಗಿರಲಿಕ್ಕಿಲ್ಲ, ತಡ ಮಾಡ್ದೆ ಡಾಕ್ಟ್ರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸ್ಬೇಕು.

ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗತ್ತಾ?

ಈ ಭಯ ಎಷ್ಟು ಜನಕ್ಕಿದೆ ಅಂದ್ರೆ ಇದರಿಂದಲೇ ಹಲ್ಲು ಕಳ್ಕೊಂಡಿರೋರು ಇರ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಕ್ಲೀನಿಂಗ್ ಅಥವಾ ಸ್ಕೇಲಿಂಗ್ ಅಂದ್ರೆ ಸಣ್ಣಗೆ ಕಂಪಿಸೋ ಒಂದು ಉಪಕರಣದಿಂದ ನೀರು ಹಾಯಿಸ್ತಾ ಟಾರ್ಟರ್ ಬಿಡಿಸೋದು. ಸರಿಯಾಗಿ ಮಾಡಿದ್ರೆ ಅದು ಎನಾಮಲ್ ಕೆರೆದು ತೆಗೆಯಲ್ಲ. ಹಾಗಾದ್ರೆ ಮಾಡಿಸಿದವರಿಗೆ ಸಂದಿ ಜಾಸ್ತಿಯಾಯ್ತು, ಹಲ್ಲು ಅಲ್ಲಾಡತ್ತೆ, ತಣ್ಣೀರು ಕುಡಿದ್ರೆ ಜುಮ್ ಅನ್ಸತ್ತೆ ಅಂತ ಯಾಕೆ ಅನ್ಸತ್ತೆ? ಯಾಕಂದ್ರೆ ಆ ಸಂದಿಗಳಲ್ಲಿ ಮೊದಲು ಕಲ್ಲು ತುಂಬ್ಕೊಂಡಿತ್ತು, ಊದಿದ್ದ ವಸಡೂ ಜಾಗ ಮುಚ್ಚಿತ್ತು, ಕಲ್ಲು ಹೋಗಿ ಊತ ಇಳಿದ ಮೇಲೆ ನಿಜವಾಗಿ ಇದ್ದ ಜಾಗ ಕಾಣತ್ತೆ. ಮೂಳೆ ಹೋಗಿ ಸಡಿಲ ಆಗಿದ್ದ ಹಲ್ಲುಗಳನ್ನ ಆ ಕಲ್ಲೇ ಒಂದಕ್ಕೊಂದು ಕಟ್ಟಿ ಹಿಡ್ಕೊಂಡಿತ್ತು. ಸಡಿಲ ಮಾಡಿದ್ದು ಕ್ಲೀನಿಂಗ್ ಅಲ್ಲ, ಅದಕ್ಕೆ ಮುಂಚೆ ಆಗಿಹೋದ ಕಾಯಿಲೆ. ಜುಮ್ ಅನ್ನೋದು ಸಾಮಾನ್ಯವಾಗಿ ಕೆಲವು ದಿನದಲ್ಲಿ ಕಮ್ಮಿಯಾಗತ್ತೆ.

ಪಾಕೆಟ್ ಆಳ ಆಗಿದ್ರೆ ವಸಡಿನ ಕೆಳಗೂ ಬೇರಿನ ಮೇಲೂ ಕ್ಲೀನ್ ಮಾಡ್ಬೇಕಾಗತ್ತೆ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾಡ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಅಳತೆ ನೋಡ್ತಾರೆ. ಆಮೇಲೂ ಕೆಲವು ತಿಂಗಳಿಗೊಮ್ಮೆ ಹೋಗ್ತಾನೇ ಇರ್ಬೇಕು, ಒಂದ್ಸಲ ಮಾಡಿಸಿ ಬಿಟ್ರೆ ಪ್ರಯೋಜನ ಇಲ್ಲ, ಇದು ಶುಗರ್ ಬಿಪಿ ಥರ ನೋಡ್ಕೊಂಡು ಇರಬೇಕಾದ ಕಾಯಿಲೆ.

ನೋವು ಬಂದಾಗ ಒಳಗೆ ಏನಾಗಿರತ್ತೆ

ಹುಳುಕು ಎನಾಮಲ್ ದಾಟಿ ಡೆಂಟಿನ್‌ಗೆ ಬಂದಾಗ ಆ ಸಣ್ಣ ಕೊಳವೆಗಳ ಮೂಲಕ ತಣ್ಣಗಿರೋದು, ಸಿಹಿ ತಾಗಿದ್ರೆ ಜುಮ್ ಅನ್ನೋಕೆ ಶುರುವಾಗತ್ತೆ. ತಣ್ಣೀರು ಬಾಯಿಂದ ಹೋದ ಕೂಡ್ಲೇ ಕ್ಷಣದಲ್ಲಿ ನೋವೂ ಹೋದ್ರೆ ಪಲ್ಪ್ ಇನ್ನೂ ಉಳಿಯೋ ಸ್ಥಿತಿಯಲ್ಲಿದೆ ಅಂತ ಸಾಮಾನ್ಯವಾಗಿ ಲೆಕ್ಕ, ಫಿಲ್ಲಿಂಗಲ್ಲಿ ಮುಗೀಬಹುದು. ವಸಡು ಕೆಳಗಿಳಿದು ಬೇರು ತೆರೆದುಕೊಂಡಾಗ್ಲೂ ಹೀಗೇ ಜುಮ್ ಅನ್ನತ್ತೆ, ಅದಕ್ಕೆ ಸೆನ್ಸಿಟಿವ್ ಪೇಸ್ಟ್ ಕೆಲಸ ಮಾಡತ್ತೆ, ಆದ್ರೆ ಒಂದೆರಡು ವಾರ ದಿನಾ ಬಳಸಬೇಕು, ಎರಡು ದಿನ ನೋಡಿ ಬಿಡೋದಲ್ಲ. ಹುಳುಕಿರೋ ಹಲ್ಲಿಗೆ ಆ ಪೇಸ್ಟ್ ಹಚ್ಚಿ ಕೂತ್ರೆ ಮಾತ್ರ ಟೈಮ್ ವೇಸ್ಟ್.

ತಣ್ಣಗಿರೋದು ಬಿಸಿ ಇರೋದು ತಾಗಿ ನಿಮಿಷಗಟ್ಟಲೆ ನೋವು ಉಳಿದ್ರೆ, ಏನೂ ತಾಗದೇ ತಾನಾಗೇ ಬಂದ್ರೆ, ರಾತ್ರಿ ಮಲಗಿದ ಕೂಡ್ಲೇ ಪಟಪಟ ಅಂತ ಬಡಿಯೋಕೆ ಶುರುವಾದ್ರೆ ಪಲ್ಪ್ ಉಳಿಯೋ ಹಂತ ಬಹುಶಃ ದಾಟಿದೆ. ಬೇರೆ ಕಡೆ ಗಾಯ ಆದ್ರೆ ಚರ್ಮ ಊದಿಕೊಳ್ಳೋಕೆ ಜಾಗ ಇರತ್ತೆ, ಪಲ್ಪ್ ಇರೋದು ಗಟ್ಟಿ ಗೋಡೆಯೊಳಗೆ, ಅಲ್ಲಿ ಊದೋಕೆ ಜಾಗ ಇಲ್ಲ, ಒತ್ತಡ ಎಲ್ಲ ನರದ ಮೇಲೆ ಬೀಳತ್ತೆ, ಮಲಗಿದಾಗ ತಲೆ ಕಡೆ ರಕ್ತದ ಒತ್ತಡ ಸ್ವಲ್ಪ ಜಾಸ್ತಿಯಾಗಿ ಇನ್ನೂ ಜೋರಾಗತ್ತೆ. ಅದಕ್ಕೇ ಹಲ್ಲುನೋವು ರಾತ್ರಿ ಹೊತ್ತು ಜೀವ ತೆಗೆಯೋದು.

ಆಮೇಲೆ ಒಂದು ದಿನ ನೋವು ಇದ್ದಕ್ಕಿದ್ದಂಗೆ ಹೊರಟುಹೋಗತ್ತೆ. ಸದ್ಯ ವಾಸಿಯಾಯ್ತು ಅಂತ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ತಾರೆ. ದಯವಿಟ್ಟು ಮಾಡ್ಬೇಡಿ. ಬಹಳ ಸಲ ಅದರರ್ಥ ಒಳಗಿನ ನರ ಸತ್ತಿದೆ ಅಂತ, ಇನ್‌ಫೆಕ್ಷನ್ ಅಲ್ಲೇ ಇರತ್ತೆ, ಬೇರಿನ ತುದಿಯಿಂದ ಮೂಳೆಗೆ ಇಳಿದು ಕೀವು ಕಟ್ಟತ್ತೆ. ಕೆಲವೊಮ್ಮೆ ವಸಡಿನ ಮೇಲೆ ಸಣ್ಣ ಗುಳ್ಳೆ ಬಂದು ಒಡೆದು ಮತ್ತೆ ಬರ್ತಾ ಇರತ್ತೆ, ಅದು ಕೀವು ಹೊರಗೆ ಬರೋ ದಾರಿ, ಅದು ಇರೋವರೆಗೂ ನೋವು ಇರಲ್ಲ, ಕಾಯಿಲೆ ಇರತ್ತೆ.

ಆ್ಯಂಟಿಬಯೋಟಿಕ್ ತಗೊಂಡ್ರೆ ಸಾಕಲ್ವಾ ಅಂತ ಕೇಳ್ತಾರೆ. ಸಾಕಾಗಲ್ಲ. ಮಾತ್ರೆ ರಕ್ತದ ಮೂಲಕ ಹೋಗಬೇಕು, ಸತ್ತ ಪಲ್ಪ್‌ಗೆ ರಕ್ತವೇ ಹೋಗಲ್ಲ, ಮೂಲ ಅಲ್ಲೇ ಉಳಿಯತ್ತೆ. ಜ್ವರ ಇದ್ರೆ, ಊತ ಹರಡ್ತಾ ಇದ್ರೆ ಡಾಕ್ಟ್ರು ಆ್ಯಂಟಿಬಯೋಟಿಕ್ ಕೊಡ್ತಾರೆ, ಆದ್ರೆ ಅದು ಟ್ರೀಟ್‌ಮೆಂಟಿನ ಜೊತೆಗೆ, ಟ್ರೀಟ್‌ಮೆಂಟ್ ಬದಲಿಗೆ ಅಲ್ಲ. ಡಾಕ್ಟ್ರ ಹತ್ರ ಹೋಗೋವರೆಗೆ ಪ್ಯಾರಾಸಿಟಮಾಲ್, ಹೊಟ್ಟೆಹುಣ್ಣು, ಕಿಡ್ನಿ ತೊಂದ್ರೆ, ಗರ್ಭ ಇಲ್ದಿದ್ರೆ ಐಬುಪ್ರೊಫೆನ್, ಪ್ಯಾಕೆಟ್ ಮೇಲಿರೋ ಪ್ರಮಾಣದಲ್ಲೇ ತಗೋಬಹುದು. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಇರತ್ತೆ, ಸ್ವಲ್ಪ ಹೊತ್ತು ಮರಗಟ್ಟಿಸತ್ತೆ, ಅಷ್ಟೇ. ಆಸ್ಪಿರಿನ್ ಮಾತ್ರೆನ ನೋವಿರೋ ಜಾಗದಲ್ಲಿ ಇಟ್ಕೊಳ್ಳೋ ಅಭ್ಯಾಸ ಇದೆ, ಅದು ವಸಡನ್ನ ಸುಡತ್ತೆ, ಬೇಡವೇ ಬೇಡ.

ರೂಟ್ ಕೆನಾಲ್ ಅಂದ್ರೆ ಆ ಹಾಳಾದ ಪಲ್ಪ್ ತೆಗೆದು, ಬೇರಿನೊಳಗಿನ ನಾಳಗಳನ್ನ ತೊಳೆದು, ಗಟ್ಟಾ ಪರ್ಚಾ ಅನ್ನೋ ರಬ್ಬರ್ ಥರದ ವಸ್ತುವಿಂದ ತುಂಬಿ ಮುಚ್ಚೋದು. ಮರಗಟ್ಟಿಸಿ ಮಾಡೋದ್ರಿಂದ ಅದು ನೋವು ಕೊಡೋ ಟ್ರೀಟ್‌ಮೆಂಟ್ ಅಲ್ಲ, ಇರೋ ನೋವು ತೆಗೆಯೋ ಟ್ರೀಟ್‌ಮೆಂಟ್. ದವಡೆ ಹಲ್ಲಿಗೆ ಮಾಡಿಸಿದ್ರೆ ಸಾಮಾನ್ಯವಾಗಿ ಕ್ಯಾಪ್ ಹಾಕಿಸ್ಬೇಕು, ಹುಳುಕಿಗೆ ಅರ್ಧ ಹಲ್ಲು ಹೋಗಿರತ್ತೆ, ಕ್ಯಾಪ್ ಇಲ್ದೆ ಗಟ್ಟಿ ಕಚ್ಚಿದ್ರೆ ಸೀಳಿ ಹೋಗೋ ಸಾಧ್ಯತೆ ಇದೆ. ಕೆನಾಲ್ ಮಾಡಿಸಿ ಕ್ಯಾಪ್ ಮುಂದೂಡಿ ಕೊನೆಗೆ ಹಲ್ಲೇ ಸೀಳಿಸಿಕೊಳ್ಳೋದು ನೋಡಿದ್ರೆ ಬೇಜಾರಾಗತ್ತೆ.

ಉಳಿಸೋಕೆ ಆಗ್ದೇ ಇದ್ರೆ ಕೀಳಬೇಕಾಗತ್ತೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗತ್ತೆ ಅನ್ನೋದು ನಿಜ ಅಲ್ಲ, ದೃಷ್ಟಿ ನರ ಬೇರೆ, ಹಲ್ಲಿಗೆ ಬರೋ ನರ ಬೇರೆ. ಕಿತ್ತ ಜಾಗದಲ್ಲಿ ಹೆಪ್ಪುಗಟ್ಟೋ ರಕ್ತವೇ ಗಾಯ ಮುಚ್ಚೋದು, ಹಾಗಾಗಿ ಮೊದಲ 24 ಗಂಟೆ ಜೋರಾಗಿ ಮುಕ್ಕಳಿಸೋದು, ಪದೇ ಪದೇ ಉಗುಳೋದು, ಸ್ಟ್ರಾ ಹಾಕಿ ಹೀರೋದು, ಸಿಗರೇಟ್ ಯಾವುದೂ ಬೇಡ. ಹೆಪ್ಪು ಕಿತ್ತು ಹೋದ್ರೆ ಕೆಲವು ದಿನ ಬಿಟ್ಟು ಕಿವಿವರೆಗೂ ಹರಡೋ ಕೆಟ್ಟ ನೋವು ಬರತ್ತೆ, ಬಂದ್ರೆ ವಾಪಸ್ ಹೋಗಿ ಡ್ರೆಸ್ಸಿಂಗ್ ಮಾಡಿಸಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಮೊದಲೇ ಹೇಳಿ, ತಾವಾಗೇ ನಿಲ್ಲಿಸ್ಬೇಡಿ.

ದಿನಾ ಮನೆಯಲ್ಲಿ

ದಿನಕ್ಕೆ ಎರಡು ಸಲ, ಎರಡು ನಿಮಿಷ, ಮೆತ್ತನೆ ಬ್ರಶ್, ಫ್ಲೋರೈಡ್ 1000ರಿಂದ 1500 ಪಿಪಿಎಂ ಇರೋ ಪೇಸ್ಟ್, ಟ್ಯೂಬ್ ಮೇಲೆ ಬರೆದಿರತ್ತೆ ನೋಡಿ. ಎರಡರಲ್ಲಿ ಒಂದನ್ನ ಬಿಡೋ ಹಾಗೇ ಇಲ್ಲ ಅಂದ್ರೆ ಅದು ರಾತ್ರಿದು, ನಿದ್ದೆಯಲ್ಲಿ ಎಂಜಲು ತುಂಬಾ ಕಮ್ಮಿಯಾಗತ್ತೆ, ಹಲ್ಲಿಗೆ ಕಾವಲು ಇರಲ್ಲ.

ಹೇಗೆ ಉಜ್ಜೋದು ಅನ್ನೋದು ಯಾವ ಕಂಪನಿ ಬ್ರಶ್ ಅನ್ನೋದಕ್ಕಿಂತ ಮುಖ್ಯ. ಬ್ರಶ್ಶನ್ನ ವಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿ, ಅರ್ಧ ಎಳೆ ಹಲ್ಲಿನ ಮೇಲೆ ಅರ್ಧ ವಸಡಿನ ಮೇಲೆ ಬರೋ ಹಾಗೆ ಇಟ್ಟು, ಇದ್ದಲ್ಲೇ ಸಣ್ಣಗೆ ಅಲ್ಲಾಡಿಸ್ಬೇಕು, ಆಮೇಲೆ ಮುಂದಿನ ಎರಡು ಮೂರು ಹಲ್ಲಿಗೆ ಹೋಗ್ಬೇಕು. ಗರಗಸ ಎಳೆದಂಗೆ ಜೋರಾಗಿ ಎಳೆದ್ರೆ ವಸಡು ಕೆಳಗಿಳಿಯತ್ತೆ, ಹಲ್ಲಿನ ಬುಡ ಸವೆಯತ್ತೆ, ಪ್ಲಾಕ್ ಮಾತ್ರ ಅಂಚಲ್ಲೇ ಉಳಿಯತ್ತೆ. ಮುಗಿದ ಮೇಲೆ ಉಗುಳಿ, ಆದ್ರೆ ನೀರು ಹಾಕಿ ಮುಕ್ಕಳಿಸ್ಬೇಡಿ, ಇದು ವಿಚಿತ್ರ ಅನ್ಸಬಹುದು, ಮುಕ್ಕಳಿಸಿದ್ರೆ ಫ್ಲೋರೈಡ್ ಎಲ್ಲ ತೊಳೆದು ಹೋಗತ್ತೆ. ವಾಂತಿಯಾದ ಮೇಲೆ ಅಥವಾ ಹುಳಿ ಏನಾದ್ರೂ ಕುಡಿದ ಕೂಡ್ಲೇ ಉಜ್ಜೋದೂ ಬೇಡ, ನೀರಲ್ಲಿ ಬಾಯಿ ತೊಳೆದು ಅರ್ಧ ಗಂಟೆಯಾದ್ರೂ ಬಿಡಿ.

ಎರಡು ಹಲ್ಲಿನ ಮಧ್ಯದ ಜಾಗಕ್ಕೆ ಬ್ರಶ್ ಹೋಗಲ್ಲ, ಅಲ್ಲೇ ಹುಳುಕು ಮತ್ತು ವಸಡಿನ ಕಾಯಿಲೆ ಎರಡೂ ಜಾಸ್ತಿ ಶುರುವಾಗೋದು. ಸಂದಿ ಬಿಗಿ ಇದ್ರೆ ಫ್ಲಾಸ್ ದಾರ, ಸಂದಿ ಅಗಲ ಇದ್ರೆ ಸಣ್ಣ ಸಂದಿ ಬ್ರಶ್, ದಿನಕ್ಕೊಮ್ಮೆ. ಶುರುವಲ್ಲಿ ಕೆಲವು ದಿನ ರಕ್ತ ಬರಬಹುದು, ಮುಂದುವರಿಸಿದ್ರೆ ಕಮ್ಮಿಯಾಗತ್ತೆ, ಎರಡು ವಾರ ಆದ್ರೂ ನಿಲ್ಲದಿದ್ರೆ ಡೆಂಟಿಸ್ಟ್ ಹತ್ರ ಹೋಗಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟ್ರು ಹೇಳಿದಷ್ಟು ದಿನ ಮಾತ್ರ, ಜಾಸ್ತಿ ದಿನ ಬಳಸಿದ್ರೆ ಹಲ್ಲು ಕಂದು ಬಣ್ಣಕ್ಕೆ ತಿರುಗತ್ತೆ.

ಮಕ್ಕಳ ಹಲ್ಲು

ಹೇಗೂ ಬೀಳೋ ಹಲ್ಲಲ್ವಾ ಅಂತ 20 ಹಾಲು ಹಲ್ಲುಗಳನ್ನ ಕಡೆಗಣಿಸೋದು ಸರಿಯಲ್ಲ. ಕೆಲವು ಹಾಲು ಹಲ್ಲು 11, 12 ವರ್ಷದವರೆಗೂ ಬೇಕು, ಮುಂಚೆ ಹೋದ್ರೆ ಪಕ್ಕದ ಹಲ್ಲು ವಾಲಿ ಹೊಸ ಹಲ್ಲಿಗೆ ಜಾಗ ಇರಲ್ಲ, ಮಗುಗೆ ನೋವಂತೂ ದೊಡ್ಡವರಷ್ಟೇ ಆಗತ್ತೆ. ಬಾಟಲಿ ಬಾಯಲ್ಲಿಟ್ಟು ಮಲಗಿಸೋದು ಮುಂದಿನ ಮೇಲ್ಹಲ್ಲುಗಳನ್ನ ಬೇಗ ಹಾಳು ಮಾಡತ್ತೆ. ಮೊದಲ ಹಲ್ಲು ಕಂಡಾಗಿಂದಲೇ ಉಜ್ಜೋದು, ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು, ಜಾಸ್ತಿ ನುಂಗಿದ್ರೆ ಬರೋ ಹೊಸ ಹಲ್ಲಿನ ಮೇಲೆ ಬಿಳಿ ಗೆರೆ ಮಚ್ಚೆ ಆಗಬಹುದು. ಆರು ವರ್ಷದ ಹೊತ್ತಿಗೆ ಯಾವ ಹಲ್ಲೂ ಬೀಳದೇನೇ ಹಾಲು ಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಬರತ್ತೆ, ಅದು ಶಾಶ್ವತ ಹಲ್ಲು, ಹಾಲು ಹಲ್ಲು ಅಂದ್ಕೊಂಡು ಬಿಟ್ಟುಬಿಡ್ತಾರೆ. ಅದರ ಮೇಲಿನ ಆಳವಾದ ಗೆರೆಗಳಿಗೆ ಸೀಲೆಂಟ್, ಅಂದ್ರೆ ಗೆರೆ ಮುಚ್ಚೋ ತೆಳು ಲೇಪ, ಹಚ್ಚಿಸಿದ್ರೆ ಹುಳುಕು ಬಹಳಷ್ಟು ತಡೀಬಹುದು.

ತಡ ಮಾಡ್ಬಾರದ ಸಂದರ್ಭಗಳು

ಹಲ್ಲುನೋವಿನ ಜೊತೆ ಮುಖ, ಕಣ್ಣಿನ ಕೆಳಗೆ ಅಥವಾ ಕತ್ತಿನ ಕಡೆ ಊತ ಹರಡ್ತಾ ಇದ್ರೆ, ಬಾಯಿ ತೆಗೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ, ನಾಲಿಗೆ ಮೇಲೆದ್ದ ಹಾಗೆ ಅನ್ಸಿದ್ರೆ ಕ್ಲಿನಿಕ್ ತೆರೆಯೋವರೆಗೆ ಕಾಯ್ಬೇಡಿ, ರಾತ್ರಿಯಾದ್ರೂ ಸರಿ ಎಮರ್ಜೆನ್ಸಿ ಇರೋ ಆಸ್ಪತ್ರೆಗೆ ಹೋಗಿ. ಆ ಇನ್‌ಫೆಕ್ಷನ್ ಉಸಿರಿನ ದಾರಿಯನ್ನೇ ಮುಚ್ಚಬಹುದು, ಜೀವಕ್ಕೆ ಅಪಾಯ.

ಬಿದ್ದು ಏಟಾಗಿ ಶಾಶ್ವತ ಹಲ್ಲು ಇಡಿಯಾಗಿ ಕಿತ್ತು ಬಂದ್ರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು ಎತ್ಕೊಳಿ, ಮಣ್ಣಾಗಿದ್ರೆ ಹಾಲಲ್ಲೋ ನೀರಲ್ಲೋ ಕ್ಷಣಕಾಲ ತೊಳೀರಿ, ಉಜ್ಜಬಾರದು, ಸಾಧ್ಯ ಆದ್ರೆ ಅದೇ ಗುಳಿಯಲ್ಲಿ ವಾಪಸ್ ಕೂರಿಸಿ ಬಟ್ಟೆ ಕಚ್ಚಿ ಹಿಡ್ಕೊಳಿ. ಆಗಲ್ಲ ಅಂದ್ರೆ ಹಾಲಲ್ಲಿ ಹಾಕ್ಕೊಂಡು ಹೋಗಿ, ಬರೀ ನೀರಲ್ಲಿ ಇಟ್ಕೊಂಡು ಹೋಗ್ಬೇಡಿ, ಒಣಗೋಕೂ ಬಿಡ್ಬೇಡಿ, ಬೇರಿನ ಮೇಲಿನ ಆ ನಾರುಗಳ ಜೀವಕೋಶ ಬದುಕಿದ್ರೆ ಮಾತ್ರ ಹಲ್ಲು ಮತ್ತೆ ಹಿಡಿಯತ್ತೆ. ಅರ್ಧ ಗಂಟೆಯೊಳಗೆ ಆದ್ರೆ ಒಳ್ಳೇದು, ಒಂದು ಗಂಟೆ ದಾಟಿದ್ರೆ ಸಾಧ್ಯತೆ ತುಂಬಾ ಕಮ್ಮಿಯಾಗತ್ತೆ, ಆದ್ರೂ ಎಸೀಬೇಡಿ, ತಗೊಂಡೇ ಹೋಗಿ. ಹಾಲು ಹಲ್ಲಾದ್ರೆ ವಾಪಸ್ ಕೂರಿಸ್ಬಾರದು, ಕೆಳಗೆ ಬೆಳೀತಿರೋ ಹಲ್ಲಿಗೆ ಏಟಾಗತ್ತೆ.

ಕೊನೇದು ಬಾಯಿ ಹುಣ್ಣು. ಸಾಮಾನ್ಯ ಹುಣ್ಣು ಉರಿಯತ್ತೆ, ಒಂದೆರಡು ವಾರದಲ್ಲಿ ವಾಸಿಯಾಗತ್ತೆ. ಎರಡು ವಾರ ದಾಟಿದ್ರೂ ಮಾಯದ ಹುಣ್ಣು, ಕೆರೆದ್ರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕೆನ್ನೆ ಒಳಗೆ ಅಥವಾ ನಾಲಿಗೆ ಪಕ್ಕದಲ್ಲಿ ಗಟ್ಟಿಯಾಗಿರೋ ಗಂಟು, ಬರ್ತಾ ಬರ್ತಾ ಬಾಯಿ ಕಮ್ಮಿ ತೆರೆಯೋದು, ಇವು ಕ್ಯಾನ್ಸರ್ ಅಥವಾ ಅದಕ್ಕೆ ಮುಂಚಿನ ಹಂತ ಇರಬಹುದು, ಇರದೇನೂ ಇರಬಹುದು, ಒಂದು ಚೂರು ತೆಗೆದು ಪರೀಕ್ಷೆ ಮಾಡಿದ್ರೆ ಮಾತ್ರ ಗೊತ್ತಾಗೋದು. ತಂಬಾಕು, ಅಡಿಕೆ, ಮದ್ಯದ ಅಭ್ಯಾಸ ಇರೋರು ತಿಂಗಳಿಗೊಮ್ಮೆ ಬೆಳಕಲ್ಲಿ ನಿಂತು ಕೆನ್ನೆ, ತುಟಿ ಒಳಭಾಗ, ನಾಲಿಗೆಯ ಎರಡೂ ಪಕ್ಕ ಮತ್ತು ಕೆಳಗೆ ತಾವೇ ನೋಡ್ಕೋಬೇಕು. ಇದೂ ಕೂಡ ಶುರುವಲ್ಲಿ ಬಹಳ ಸಲ ನೋಯಲ್ಲ, ಹಾಗಾಗಿ ನೋವಿಲ್ಲ ಅನ್ನೋ ಕಾರಣಕ್ಕೆ ತೋರಿಸೋದನ್ನ ಮುಂದಕ್ಕೆ ಹಾಕ್ಬೇಡಿ.